ಲೆಸ್ನೆಸ್ ಮಠದಲ್ಲಿ ಈರವ್ವ

ಸ್ಟ್ಯಾನ್ಮೋರ್

ಲಂಡನ್ನಿಗೆ ಹೋಗಿ ಬಂದ ಮೇಲೆ ಧಾರವಾಡದಲ್ಲಿ ಸಿಕ್ಕಸಿಕ್ಕವರೆಲ್ಲ ಕೇಳಿದ್ದು ಒಂದೇ ಮಾತು: ರಾಣಿಯ ಅರಮನೆ ನೋಡಿದಿರಾ? ನೋಡಿದೆ. ಅರಮನೆಯ ಮುಂದೆ ಸಿಪಾಯಿಗಳು ಪಾಳಿ ಬದಲಿಸುವುದನ್ನು ಜಿನುಗುವ ಮಳೆಯಲ್ಲಿ ನಿಂತು ನೋಡಿ ಎಂಟು ದಿನದ ನೆಗಡಿಯನ್ನೂ ಹಚ್ಚಿಕೊಂಡೆ. ಆದರೆ ನಾನು ಬರೆಯಲು ಕೂತದ್ದು ಅದನ್ನಲ್ಲ. ಆ ಊರಿನ ಆಗ್ನೇಯ ಮೂಲೆಯಲ್ಲಿ ಲೆಸ್ನೆಸ್ ಎಂಬ ಒಂದು ಹಾಳು ಮಠವಿದೆ, ಮಠದೊಳಗೆ ಒಂದು ಹಾಳು ಚರ್ಚು. ಉಳಿದಿರುವುದು ಮೊಣಕಾಲಿನಿಂದ ಎದೆಯೆತ್ತರದವರೆಗಿನ ಗೋಡೆಗಳು ಮಾತ್ರ. ಅಲ್ಲಿ ನಾನು ಕಳೆದದ್ದು ಒಂದು ಭಾನುವಾರದ ಮೂರು ತಾಸು. ಆ ಮೂರು ತಾಸಿನ ಲೆಕ್ಕ ಒಪ್ಪಿಸದೆ ನನಗೆ ನೆಮ್ಮದಿಯಿಲ್ಲ.

ನಾನು ಪುರಾತತ್ವ ಇಲಾಖೆಯಲ್ಲಿ ಸಂರಕ್ಷಣಾ ಸಹಾಯಕನಾಗಿ ನಿವೃತ್ತನಾದವನು. ಬಿದ್ದ ಗುಡಿಗಳನ್ನು ಎತ್ತಿ ನಿಲ್ಲಿಸುವುದು, ನಿಂತವು ಬೀಳದಂತೆ ನೋಡಿಕೊಳ್ಳುವುದು ನನ್ನ ಕಸುಬು. ನನ್ನ ತಂಗಿ ಸುಮಿತ್ರೆ ಮತ್ತು ಅವಳ ಗಂಡ ಲಂಡನ್ನಿನ ಉತ್ತರದ ಅಂಚಿನ ಸ್ಟ್ಯಾನ್ಮೋರಿನಲ್ಲಿದ್ದಾರೆ. ಆತ ಅಲ್ಲಿ ಜಿಪಿ, ಅಂದರೆ ಓಣಿಯ ಡಾಕ್ಟರು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಬೇಲಿ, ಮರ, ಎರಡೆರಡು ಕಾರು. ಪಕ್ಕದ ಮನೆಯವರ ಹೆಸರು ತಂಗಿಗೆ ಹದಿನಾಲ್ಕು ವರ್ಷದಲ್ಲಿ ಗೊತ್ತಾದದ್ದು ಅವರ ಬೆಕ್ಕು ಕಳೆದುಹೋದಾಗ. ಕರಿಬೇವು ತರುವುದಕ್ಕೂ ಕಾರು ತೆಗೆಯುವ ಈ ಜನರನ್ನು ಕಂಡು ನಾನು ಗೇಲಿ ಮಾಡಿದರೆ, "ಅಣ್ಣಾ, ನೀನು ಹೊರಟ ಮೇಲೆ ನಾವು ನಡೀತೀವಿ" ಎಂದು ತಂಗಿ ನನ್ನ ಬಾಯಿ ಮುಚ್ಚಿಸಿದ್ದಳು.

ಯುಗಾದಿಗೆ ಕನ್ನಡಿಗರೆಲ್ಲ ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಸೇರಿದ್ದರು. ಬೆಳಗಾವಿಯವರು, ಮೈಸೂರಿನವರು, ಕರಾವಳಿಯವರು ಕೂಡಿದಲ್ಲಿ ಎಲ್ಲರ ಮಾತೂ ಮೆಲ್ಲಗೆ ಬೆಂಗಳೂರಿನ ಕಡೆ ಜಾರುತ್ತದೆ. ನಾನೂ "ಊಟ ಆಯ್ತಾ" ಅನ್ನತೊಡಗಿದ್ದೆ. ಆಗ ಬೆನ್ನ ಹಿಂದಿನಿಂದ ಒಂದು ದನಿ ಬಂತು.

"ಸರ್, ನೀವು ಕುಲಕರ್ಣಿ ಸಾಹೇಬ್ರ ಅಲ್ರಿ?"

ತಿರುಗಿದೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೈಯಲ್ಲಿ ಒಬ್ಬಟ್ಟಿನ ತಟ್ಟೆ.

"ನಾ ಕಸ್ತೂರಿ ರಿ. ಕುಂಬಾರ ಗುಡಿ ಈರವ್ವನ ಮಗಳು. ಇಲ್ಲಿ ಆಸ್ಪತ್ರ್ಯಾಗ ನರ್ಸ್ ಅದೀನಿ."

ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೆಯಾಯಿತು.

"ಅವ್ವನೂ ಇಲ್ಲೇ ಅದಾಳ್ರಿ, ಹೇಸ್‌ದಾಗ, ನಮ್ಮ ಮನ್ಯಾಗ. ಆರ ತಿಂಗಳ ವೀಸಾ, ಬರೂ ತಿಂಗಳ ಹೊಳ್ಳಿ ಹೋಗ್ತಾಳ. ನಿಮ್ಮನ್ನ ಒಂದ ಮಾತ ಕೇಳೂದೈತಿ ಅಂತ ಊರಾಗಿದ್ದಾಗಿಂದ ಅನ್ನಾಕತ್ತಾಳ್ರಿ. ದೇವರ ನಿಮ್ಮನ್ನ ಇಲ್ಲಿಗೇ ಕಳಿಸಿದ ನೋಡ್ರಿ."

ಆ ಮಾತು ಯಾವುದೆಂದು ನನಗೆ ಗೊತ್ತಿತ್ತು.

ಹೇಸ್

ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ ದೇವರಿಲ್ಲದ ಹಳೆಯ ಗುಡಿಗಳು ಹತ್ತಾರಿದ್ದವು. ದೇವರು ಹೋದ ಮೇಲೆ ಅಲ್ಲಿ ಮನುಷ್ಯರು ಸೇರಿಕೊಂಡಿದ್ದರು. ನವರಂಗದಲ್ಲಿ ಎಮ್ಮೆ, ಗರ್ಭಗುಡಿಯಲ್ಲಿ ಜೋಳದ ಚೀಲ. ಯಾರು ವಾಸವಿದ್ದರೋ ಅವರದೇ ಹೆಸರು ಗುಡಿಗೆ. ಈರವ್ವನ ಗಂಡನ ಮನೆತನದ ಕುಂಬಾರರು ತಲೆತಲಾಂತರದಿಂದ ಇದ್ದ ಗುಡಿಗೆ ಕುಂಬಾರ ಗುಡಿ ಎಂದೇ ಹೆಸರು. ಒಳಗಿದ್ದ ದೇವರು ಯಾವುದೆಂದು ಊರಿನಲ್ಲಿ ಯಾರಿಗೂ ನೆನಪಿರಲಿಲ್ಲ.

ಇಪ್ಪತ್ತು ವರ್ಷದ ಕೆಳಗೆ ಅವರನ್ನೆಲ್ಲ ಎಬ್ಬಿಸಿ ಎರಡು ಮೈಲಿ ಆಚೆ ಹೊಸ ಕಾಲನಿಗೆ ಕಳಿಸಿದೆವು. ಆದೇಶ ಮೇಲಿನಿಂದ ಬಂದದ್ದು, ಪಟ್ಟಿ ಬರೆದದ್ದು ನಾನು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಗಾದೆಯನ್ನು ನಾನು ಆ ದಿನ ಕಣ್ಣಾರೆ ಕಂಡೆ. ಅದಾದ ವಾರಕ್ಕೆ ಗುಡಿಯ ಹಿಂದೆ ಮಣ್ಣಿನಲ್ಲಿ ಹೂತ ತಳಗಟ್ಟು, ನಮ್ಮ ಕಸುಬಿನ ಮಾತಿನಲ್ಲಿ ಅಧಿಷ್ಠಾನ, ಬಿಡಿಸಲು ಕಾಲುವೆ ತೋಡಿಸುತ್ತಿದ್ದಾಗ ಆಳೊಬ್ಬನ ಗುದ್ದಲಿಗೆ ಬಾಯಿ ಮುಚ್ಚಿದ ಒಂದು ಗಡಿಗೆ ಸಿಕ್ಕಿತು. ತೆರೆದು ನೋಡಿದೆ. ಉಪ್ಪು, ಮಣ್ಣು, ಹಕ್ಕಿಯದಷ್ಟು ಸಣ್ಣ ಎಲುಬುಗಳು. ಹೆಸರಿಡುವ ಮೊದಲೇ ತೀರಿಹೋದ ಕೂಸನ್ನು ಆ ಕಡೆ ಮನೆಯ ಹಿಂದೆಯೇ ಹುಗಿಯುತ್ತಾರೆಂದು ನನಗೆ ತಿಳಿದಿತ್ತು. ಗಡಿಗೆ ಹೊಸದು, ಕುಂಬಾರನ ಕೈಯ ಕೆಲಸ. ಯಾರ ಕೂಸೆಂದು ಕೇಳುವ ಅಗತ್ಯವೇ ಇರಲಿಲ್ಲ.

ಮನುಷ್ಯರ ಎಲುಬೆಂದು ವರದಿ ಬರೆದರೆ ಪೊಲೀಸರು, ಪಂಚನಾಮೆ, ಕೆಲಸ ಬಂದ್. ನಾಲ್ಕು ದಿನಕ್ಕೆ ದೊಡ್ಡ ಸಾಹೇಬರ ತಪಾಸಣೆ ಇತ್ತು. ನಾನು ವಹಿಯಲ್ಲಿ "ಇತ್ತೀಚಿನ ಮಡಕೆ, ನಿರುಪಯುಕ್ತ" ಎಂದು ಬರೆದೆ. ಗಡಿಗೆ ಕಲ್ಲುಮಣ್ಣಿನ ಜೊತೆ ಟ್ರ್ಯಾಕ್ಟರ್ ಏರಿತು. ಮೂರನೆಯ ದಿನ ಈರವ್ವ ಬಂದು ಅಂಗಳದಲ್ಲಿ ನಿಂತಳು. ಏನೂ ಕೇಳಲಿಲ್ಲ, ತೋಡಿದ ಕಾಲುವೆಯನ್ನೇ ನೋಡಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನೇ ಮುಂದಾಗಿ ಹೇಳಿದೆ: "ಈರವ್ವ, ಚಿಂತಿ ಮಾಡಬ್ಯಾಡ. ನಾನೇ ಕೈಯಾರೆ ಒಯ್ದು, ಅರಿಷಿಣ ಕುಂಕುಮ ಏರಿಸಿ ಹೊಳಿಗೆ ಬಿಟ್ಟು ಬಂದೀನಿ." ಅವಳು ನನ್ನ ಕಾಲು ಮುಟ್ಟಿ ನಮಸ್ಕರಿಸಿ ಹೋದಳು. ಆ ನಮಸ್ಕಾರವನ್ನು ನಾನು ಇಪ್ಪತ್ತು ವರ್ಷ ಹೊತ್ತು ತಿರುಗಿದ್ದೇನೆ.

ಯುಗಾದಿಯಾದ ಮೂರನೆಯ ದಿನ ಲಂಡನ್ನಿನ ಪಶ್ಚಿಮದ ಅಂಚಿನ ಹೇಸ್‌ಗೆ ಹೋದೆ. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಮನೆಗಳ ಸಾಲು, ಅದರಲ್ಲಿ ಬಾಡಿಗೆಯ ಕೆಳಮನೆ. ಐದೈದು ನಿಮಿಷಕ್ಕೆ ತಲೆಯ ಮೇಲೆ ವಿಮಾನ. ಈರವ್ವ ಸೀರೆಯ ಮೇಲೆ ಮಗಳ ಕಾರ್ಡಿಗನ್ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಗ್ಯಾಸಿನ ಮೇಲೆ ಹೆಂಚು ಇಟ್ಟರೆ ಹೊಗೆ ಅಲಾರಾಂ ಕೂಗುತ್ತದೆಂದು ಅದರ ಬಾಯಿಗೆ ಷವರ್ ಟೋಪಿ ಕಟ್ಟಿದ್ದಳು. ಊರಿನಲ್ಲಿ ನಾನು ಅವಳನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದೆ. ಇಲ್ಲಿ "ಆರಾಮಿದ್ದೀರೇನು ಈರವ್ವ" ಎಂದು ತಾನಾಗಿ ಬಂತು.

ಊಟವಾದ ಮೇಲೆ ಕಸ್ತೂರಿಯೇ ವಿಷಯ ತೆಗೆದಳು. ತಾನು ರಜೆ ಹಾಕಿ ತಾಯಿಯ ಜೊತೆ ಊರಿಗೆ ಹೋಗುವವಳು. ಹೊಳೆಯ ದಂಡೆಯ ಮೇಲೆ, ತಮ್ಮನನ್ನು ಬಿಟ್ಟ ಜಾಗದಲ್ಲಿ, ಒಂದು ಸಣ್ಣ ಕಲ್ಲು ನಿಲ್ಲಿಸಬೇಕು. ಪಟ್ಟದಕಲ್ಲಿನ ಕಡೆಯ ಕಲ್ಲುಕುಟಿಗನಿಗೆ ಹೇಳಿಯೂ ಆಗಿದೆ.

"ಅವ್ವ ವರ್ಷಾ ಅಂವಾ ತೀರಿಕೊಂಡ ದಿನ ಹೊಳಿಗೆ ಹೋಗಿ ಹಾಲ ಬಿಡ್ತಾಳ್ರಿ. ಈ ವರ್ಷ ಇಲ್ಲಿದ್ಲಲ್ಲ, ಮನಿ ಹಿಂದಿನ ಕ್ಯಾನಾಲಕ್ಕ ಹೋಗಿ ಎರಡ ಪಿಂಟ್ ಹಾಲ ಬಿಟ್ಲು. ದೋಣ್ಯಾಗಿದ್ದ ಮನಶಾ 'ಆರ್ ಯು ಆಲ್‌ರೈಟ್ ಲವ್' ಅಂತ ಕೇಳ್ಯಾನ."

"ಯಾವ ಮೆಟ್ಟಲದ ಹತ್ರ ಬಿಟ್ರಿ, ಸಾಹೇಬ್ರ?" ಎಂದು ಈರವ್ವ ಕೇಳಿದಳು. "ಅಷ್ಟ ಹೇಳಿದ್ರ ಸಾಕ್ರಿ. ಕಲ್ಲ ಬ್ಯಾರೆ ಜಾಗಾಕ್ಕ ಕುಂದರಬಾರದು."

ನಾನು ನೀರು ಕುಡಿದೆ. ಬಹಳ ವರ್ಷವಾಯಿತು, ನೆನಪು ಮಾಡಿಕೊಂಡು ಹೇಳುತ್ತೇನೆ ಎಂದೆ. ನಿವೃತ್ತನಾದ ಮೇಲೂ ಸರಕಾರಿ ಉತ್ತರ ಕೊಡುವುದು ಬಿಟ್ಟಿರಲಿಲ್ಲ.

ಕಸ್ತೂರಿಗೆ ನನ್ನ ಮುಖದಲ್ಲಿ ಏನು ಕಂಡಿತೋ, ಮಾತು ಬದಲಿಸಿದಳು. ಈ ದೇಶಕ್ಕೆ ಬಂದ ಹೊಸದರಲ್ಲಿ ಅವಳಿಗೆ ಕೆಲಸ ಸಿಕ್ಕದ್ದು ಆಗ್ನೇಯ ಲಂಡನ್ನಿನ ಆಸ್ಪತ್ರೆಯಲ್ಲಿ. ಆಗ ಅವಳಿದ್ದ ಬಾಡಿಗೆ ಕೋಣೆಯ ಹತ್ತಿರವೇ ಒಂದು ಹಾಳು ಮಠವಿತ್ತಂತೆ. "ನಮ್ಮ ಊರ ನೆನಪಾದಾಗೆಲ್ಲ ಹೋಗಿ ಕುಂದರ್ತಿದ್ನಿ ಸರ್. ಅವ್ವಗ ತೋರಸೂದೈತಿ. ನೀವೂ ಬರ್ರಿ. ಅಂಥಾದು ನೋಡೂದು ನಿಮ್ಮ ಕೆಲಸ."

ಲಂಡನ್ ಬ್ರಿಜ್

ಸ್ಟ್ಯಾನ್ಮೋರಿನಿಂದ ಹೊರಟ ಟ್ಯೂಬ್, ಅಂದರೆ ನೆಲದೊಳಗಿನ ರೈಲು, ನೇರವಾಗಿ ಲಂಡನ್ ಬ್ರಿಜ್ಜಿಗೆ ಬರುತ್ತದೆ. ಏಳುವುದು, ಬದಲಿಸುವುದು ಯಾವುದೂ ಇಲ್ಲ. ನನಗೆ ಅದೇ ತೊಂದರೆಯಾಯಿತು. ಒಂದು ತಾಸು ಕೈಕಟ್ಟಿ ಕೂತು ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ನಾಲ್ಕು ಸಲ ಬರೆದೆ, ನಾಲ್ಕು ಸಲ ಅಳಿಸಿದೆ. ಹೊಳೆಯ ಯಾವುದೋ ಒಂದು ಮೆಟ್ಟಿಲು ಹೇಳಿಬಿಟ್ಟರೆ ಯಾರಿಗೆ ನಷ್ಟ? ಮುದುಕಿಗೆ ಸಮಾಧಾನ, ಕಲ್ಲಿಗೆ ಜಾಗ. ನಿಜ ಹೇಳಿದರೆ ಇಪ್ಪತ್ತು ವರ್ಷದ ಹಾಲೆಲ್ಲ ನೀರುಪಾಲು. ಹೀಗೆ ಲೆಕ್ಕ ಹಾಕುತ್ತ ಎಸ್ಕಲೇಟರಿನಲ್ಲಿ ನಡೆದು ಹೋಗುವವರಿಗೆ ಬಿಡುವ ಎಡಗಡೆ ನಿಂತುಬಿಟ್ಟೆ. ಹಿಂದಿನಿಂದ ಒಬ್ಬಳು "ಸಾರಿ" ಅಂದಳು. ಆ ಊರಿನಲ್ಲಿ ಸಾರಿ ಎಂದರೆ ದಾರಿ ಬಿಡು ಎಂದರ್ಥ ಎನ್ನುವುದು ನನಗೆ ತಿಳಿಯಲು ಅವಳು ಮೂರು ಸಲ ಹೇಳಬೇಕಾಯಿತು.

ತಾಯಿ ಮಗಳು ಹೇಸ್‌ನಿಂದ ಬಂದು ಪ್ಲಾಟ್‌ಫಾರ್ಮಿನ ಬಳಿ ಕಾಯುತ್ತಿದ್ದರು. ಈರವ್ವ ಇಳಕಲ್ ಸೀರೆ ಉಟ್ಟು, ಮಗಳ ಬಿಳಿ ಬೂಟು ಹಾಕಿಕೊಂಡಿದ್ದಳು. ಭಾನುವಾರ ಹಳಿ ದುರಸ್ತಿಯಂತೆ, ಅರ್ಧ ದಾರಿ ರೈಲು, ಉಳಿದರ್ಧ ಬಸ್ಸು. ಜನ ಗೊಣಗದೆ ಸಾಲಾಗಿ ಇಳಿದು ಸಾಲಾಗಿ ಹತ್ತಿದರು. ಬಸ್ಸಿನಲ್ಲಿ ಒಬ್ಬ ಹುಡುಗಿ ಎದ್ದು ಈರವ್ವನಿಗೆ ಸೀಟು ಕೊಟ್ಟಳು. ಈರವ್ವ ಅವಳ ಗಲ್ಲ ಸವರಿ ನೆಟಿಗೆ ತೆಗೆದದ್ದನ್ನು ನೋಡಿ ಬಸ್ಸಿಗೆ ಬಸ್ಸೇ ಕಿಟಕಿಯ ಕಡೆ ಮುಖ ತಿರುಗಿಸಿತು.

ಅಬ್ಬಿ ವುಡ್

ಊರಿಗೆ ಹೆಸರು ಬಂದದ್ದೇ ಮಠದಿಂದ, ಮಠದ ಕಾಡು ಎಂದು. ಮಠ ಹೋಗಿದೆ, ಕಾಡು ಒಂದಿಷ್ಟು ಉಳಿದಿದೆ. ನಿಲ್ದಾಣದಿಂದ ಸ್ವಲ್ಪ ನಡೆದರೆ ಏರು, ಏರಿನ ನಡುವೆ ಹಸಿರು ಬಯಲು, ಬಯಲಿನ ಮೇಲೆ ಬೂದುಬಣ್ಣದ ಕಲ್ಲಿನ ಗೆರೆಗಳು. ಹಿಂದೆ ಮರಗಳ ಕೆಳಗೆ ನೆಲ ಕಾಣದಂತೆ ಹಳದಿ ಕಾಡು ಡ್ಯಾಫೊಡಿಲ್ ಹೂ. ಮುಂದೆ ನೋಡಿದರೆ ಕಾಂಕ್ರೀಟಿನ ವಸತಿ ಕಟ್ಟಡಗಳು, ಅವುಗಳಾಚೆ ಥೇಮ್ಸ್, ದೂರದಲ್ಲಿ ಗಾಜಿನ ಗೋಪುರಗಳು.

ಗೋಡೆಯ ಬುಡದವರೆಗೆ ಒತ್ತಾಗಿ ಕತ್ತರಿಸಿದ ಹುಲ್ಲು, ಅಚ್ಚುಕಟ್ಟಾದ ಫಲಕ, ಎಲ್ಲಿಯೂ ಒಂದು ಒಲೆಯಿಲ್ಲ, ಒಂದು ಎಮ್ಮೆಯಿಲ್ಲ. ನಮ್ಮ ಇಲಾಖೆಯ ಕೈಪಿಡಿಯಲ್ಲಿ ಇದ್ದದ್ದು ಇದೇ ಚಿತ್ರ. ಹಾಳು ಎಂದರೆ ಹೀಗೆ ಖಾಲಿಯಾಗಿ, ಚೊಕ್ಕಟವಾಗಿ ಇರಬೇಕು ಎಂದು ನಮಗೆ ಕಲಿಸಿದವರು ಇಲ್ಲಿಯವರು. ಮಲಪ್ರಭೆಯ ದಂಡೆಯ ಉರಿಬಿಸಿಲಿನಲ್ಲಿ ಇಂಥ ಹುಲ್ಲು ಬೆಳೆಸಲು ನಾನು ಎಷ್ಟು ಟ್ಯಾಂಕರ್ ನೀರು ಸುರಿಸಿದ್ದೇನೆ ಎಂದು ನೆನೆದು ನಗುವೂ ಬಂತು, ನಾಚಿಕೆಯೂ ಆಯಿತು.

ಚರ್ಚಿನ ಪಶ್ಚಿಮದ ಬಾಗಿಲಿದ್ದ ಜಾಗದಲ್ಲಿ ಈರವ್ವ ನಿಂತು ಬೂಟು ಕಳಚಿದಳು.

"ಅವ್ವಾ, ಇಲ್ಲೇನ ದೇವರಿಲ್ಲ, ಹಾಕ್ಕೋ! ನೆಲ ತಣ್ಣಗೈತಿ, ಚೆಸ್ಟ್ ಇನ್‌ಫೆಕ್ಷನ್ ಆಗತೈತಿ," ಎಂದಳು ಕಸ್ತೂರಿ.

"ನಮ್ಮ ಗುಡ್ಯಾಗೂ ದೇವರ ಇರಲಿಲ್ಲ. ಹೊಸ್ತಲಾ ದಾಟಾಗ ನಾ ಒಂದ ದಿನಾನೂ ಚಪ್ಲಿ ಮೆಟ್ಟಿಲ್ಲ," ಎಂದು ಈರವ್ವ ಒದ್ದೆ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ಒಳಗೆ ನಡೆದಳು.

ಅಲ್ಲಿ ಕಸ ಆರಿಸುತ್ತಿದ್ದ ಒಬ್ಬ ಎತ್ತರದ ಮುದುಕ ಇದನ್ನು ನೋಡಿಯೂ ನೋಡದಂತಿದ್ದ. ನಾವು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಮೆಲ್ಲಗೆ ಬಂದು, ತನ್ನ ಚೀಲದಿಂದ ಒಣ ಪತ್ರಿಕೆ ತೆಗೆದು ಗೋಡೆಯ ಮೇಲೆ ಹಾಸಿ, ಬೂಟುಗಳನ್ನು ಅದರ ಮೇಲೆ ಜೋಡಿಸಿಟ್ಟ. ಅವನ ಹೆಸರು ಕೆನ್. ಅಂಚೆಯ ಕೆಲಸದಿಂದ ನಿವೃತ್ತ, ಎದುರಿನ ಓಣಿಯವನು. ಈ ಗೋಡೆಗಳ ಮೇಲಿನ ಬಳ್ಳಿ ಕೀಳುವುದು ಅವನ ಸ್ವಂತ ಖುಷಿ. ನಾನೂ ಇದೇ ಕಸುಬಿನವನೆಂದು ತಿಳಿದಾಗ ಕಸದ ಚೀಲ ಬದಿಗಿಟ್ಟು, ಫ್ಲಾಸ್ಕಿನ ಚಹಾವನ್ನು ಮುಚ್ಚಳದಲ್ಲಿ ಸುರಿದು ಮೊದಲು ಈರವ್ವನಿಗೆ ಕೊಟ್ಟ.

ಚರ್ಚು

ಕೆನ್ ಹೇಳಿದ ಕಥೆಯನ್ನು ನಾನು ಸಾಲು ಸಾಲಾಗಿ ಕನ್ನಡ ಮಾಡಿ ಈರವ್ವನಿಗೆ ಹೇಳುತ್ತ ಹೋದೆ.

ಹನ್ನೆರಡನೆಯ ಶತಮಾನ. ನಮ್ಮಲ್ಲಿ ಕಲ್ಯಾಣ ಕೆಟ್ಟು ಶರಣರು ದಿಕ್ಕುದಿಕ್ಕಿಗೆ ಚದುರಿದ ಕಾಲಕ್ಕೆ ಕೆಲವೇ ವರ್ಷ ಆಚೆ. ಇಲ್ಲಿಯ ರಾಜನಿಗೂ ದೊಡ್ಡ ಧರ್ಮಗುರುವಿಗೂ ಜಗಳ ಬಿತ್ತು. ರಾಜನ ಕಡೆಯ ನಾಲ್ವರು ಹೋಗಿ ಆ ಗುರುವನ್ನು ಅವನ ಚರ್ಚಿನೊಳಗೇ ಕೊಂದರು. ಕೆಲವು ವರ್ಷಗಳಾದ ಮೇಲೆ ರಾಜನ ಮುಖ್ಯ ನ್ಯಾಯಾಧಿಕಾರಿ, ರಾಜ್ಯದಲ್ಲಿ ರಾಜನ ನಂತರ ಅವನೇ ಎನ್ನುವಷ್ಟು ದೊಡ್ಡವನು, ಈ ಏರಿನ ಮೇಲೆ ಮಠ ಕಟ್ಟಿಸಿದ. ಕೊಲೆಯಾದ ಗುರುವಿನ ಹೆಸರನ್ನೇ ಅದಕ್ಕೆ ಇಟ್ಟ. ಕೊನೆಗೆ ಅಧಿಕಾರವನ್ನೆಲ್ಲ ಬಿಟ್ಟು ತಾನೇ ಇಲ್ಲಿ ಸನ್ಯಾಸಿಯಾಗಿ ಸೇರಿ, ಕೆಲವೇ ತಿಂಗಳಲ್ಲಿ ತೀರಿಕೊಂಡ. ಪ್ರಾಯಶ್ಚಿತ್ತಕ್ಕೆಂದು ಕಟ್ಟಿಸಿದ ಅಂತ ಜನ ನಂಬುತ್ತಾರೆ.

"ಇವನೂ ಕತ್ತಿ ಹಿಡದಿದ್ನೇನು?" ಎಂದು ಈರವ್ವ ಕೇಳಿದಳು.

ನಾನು ಕೆನ್‌ನನ್ನು ಕೇಳಿದೆ. ಇಲ್ಲವಂತೆ. ಕೊಲೆಯ ದಿನ ಅವನು ಅಲ್ಲಿರಲೇ ಇಲ್ಲ. ಜಗಳಕ್ಕೆ ಮೂಲವಾದ ಕಾಯಿದೆಗಳನ್ನು ಬರೆಯುವುದರಲ್ಲಿ ಅವನ ಕೈಯಿತ್ತು, ಅಷ್ಟೇ.

"ಕತ್ತಿ ಹಿಡಿದವನಲ್ಲ, ಕಾಗದ ಬರೆದವನು" ಎಂದು ಈರವ್ವನಿಗೆ ಹೇಳಿದೆ. ಆ ವಾಕ್ಯವನ್ನು ನಾನು ಕೆನ್‌ನ ಪರವಾಗಿ ಹೇಳಿದೆನೋ ನನ್ನ ಪರವಾಗಿಯೋ, ಇವತ್ತಿಗೂ ಗೊತ್ತಿಲ್ಲ.

ಕಟ್ಟಿಸಿದವನು ಹೋದ ಮೇಲೆ ಮಠ ಎಂದೂ ಶ್ರೀಮಂತವಾಗಲಿಲ್ಲ. ಕೆಳಗಿನ ಜವುಗು ನೆಲಕ್ಕೆ ನದಿ ನುಗ್ಗದಂತೆ ಒಡ್ಡು ಹಾಕುವುದು, ಒಡ್ಡು ಒಡೆದರೆ ಮತ್ತೆ ಹಾಕುವುದು, ಇದರಲ್ಲೇ ಸನ್ಯಾಸಿಗಳ ಬದುಕು ಸವೆಯಿತು. ಮುನ್ನೂರೈವತ್ತು ವರ್ಷ ಹೀಗೆ ಕಳೆಯಿತು. ಆಮೇಲೆ ಒಬ್ಬ ಕಾರ್ಡಿನಲ್ಲನಿಗೆ, ಪೋಪನ ಕೆಳಗಿನ ದೊಡ್ಡ ಧರ್ಮಾಧಿಕಾರಿಗೆ, ತನ್ನ ಹೆಸರಿನ ಕಾಲೇಜು ಕಟ್ಟಿಸುವ ಆಸೆಯಾಯಿತು. ಸಣ್ಣ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ಕಾಲೇಜಿಗೆ ಬರೆಸಿಕೊಂಡ. ಆಗ ಇಲ್ಲಿ ಉಳಿದಿದ್ದವರು ಕೆಲವೇ ಸನ್ಯಾಸಿಗಳು. ಅವರು ಎದ್ದು ಹೋದ ಮೇಲೆ ಕಲ್ಲು ಬೇಕಾದವರೆಲ್ಲ ಗಾಡಿ ಹೂಡಿಕೊಂಡು ಬಂದರು.

ಈರವ್ವ ಇದನ್ನೆಲ್ಲ ಬಲ್ಲವಳಂತೆ ತಲೆಯಾಡಿಸಿದಳು. ಚರ್ಚಿನ ಕಂಬಗಳ ಬುಡಗಳು ಮಾತ್ರ ಸಾಲಾಗಿ ಉಳಿದಿದ್ದವು. ಅವಳು ಒಂದೊಂದನ್ನೂ ಅಂಗೈಯಿಂದ ಮುಟ್ಟುತ್ತ ಹೋದಳು. ತಲೆಯ ಮೇಲೆ ಸೂರಿಲ್ಲದ ಆ ಉದ್ದನೆಯ ಬಯಲಿನಲ್ಲಿ ನಾವು ನಾಲ್ವರೂ ಯಾಕೋ ದನಿ ತಗ್ಗಿಸಿ ಮಾತಾಡುತ್ತಿದ್ದೆವು.

ಊಟದ ಮನೆ

ಚರ್ಚಿನ ಉತ್ತರಕ್ಕೆ ಸನ್ಯಾಸಿಗಳು ಇರುತ್ತಿದ್ದ ಕಟ್ಟಡಗಳು. ಅವುಗಳಲ್ಲಿ ಊಟದ ಮನೆಯ ಗೋಡೆ ಉಳಿದವುಗಳಿಗಿಂತ ಎತ್ತರವಾಗಿ ನಿಂತಿದೆ. ನಾನು ಗಾರೆಯಲ್ಲಿ ಸಿಮೆಂಟ್ ಎಷ್ಟು ಸೇರಿಸಿದ್ದಾರೆ ಎಂದು ಉಗುರಿನಿಂದ ಕೆರೆಯುತ್ತಿದ್ದೆ. ಈರವ್ವ ಗೋಡೆಯ ಒಂದು ಕಿಂಡಿಯ ಮುಂದೆ ಬಗ್ಗಿ, ಆಚೆ ಈಚೆ ಇಣುಕಿ, "ಇದು ಬಡಸೂ ಕಿಂಡಿ. ಆಚಿ ಕಡೆ ಅಡಗಿ ಮನಿ ಇರಬೇಕ ನೋಡ್ರಿ," ಎಂದಳು.

ಕೆನ್‌ಗೆ ಹೇಳಿದೆ. ಅವನು ಟೋಪಿ ತೆಗೆದ. ಅದು ಬಡಿಸುವ ಕಿಂಡಿಯೇ. ಫಲಕ ಓದದೆ ಅದನ್ನು ಗುರುತಿಸಿದವರನ್ನು ಅವನು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲವಂತೆ. ನಾನು ಮೂವತ್ತು ವರ್ಷ ಗುಡಿಗಳ ನಕ್ಷೆ ಬರೆದವನು. ಅವಳು ಮದುವೆಯಾಗಿ ಬಂದಂದಿನಿಂದ ಒಂದರಲ್ಲಿ ಅಡಿಗೆ ಮಾಡಿದವಳು.

"ಸ್ವಾಮಿಗಳು ಹ್ವಾದ ಮ್ಯಾಲ ಇಲ್ಲಿ ಯಾರಿದ್ರು?" ಎಂದು ಕೇಳಿದಳು. ಒಂದು ಒಕ್ಕಲು ಮನೆತನದ ನಂತರ ಇನ್ನೊಂದು ಇದ್ದವು ಎಂದ ಕೆನ್. ಮಠದ ಗುರುಗಳ ಮನೆಯೇ ಹೊಲಮನೆಯಾಯಿತು. ದನ ಕಟ್ಟಿದರು, ತೋಟ ಮಾಡಿದರು. ಅವರೂ ಹೋದರು. ಆಮೇಲೆ ವಿದ್ವಾಂಸರು ಬಂದು ಮಣ್ಣು ಅಗೆದು ಈ ಗೋಡೆಗಳನ್ನು ಹೊರತೆಗೆದರು.

"ಆ ಒಕ್ಕಲದವರ ಒಲಿ ಎಲ್ಲಿತ್ತಂತ?"

ಕೆನ್ ತಲೆ ಕೆರೆದುಕೊಂಡ. ಅದು ಯಾರಿಗೂ ಗೊತ್ತಿಲ್ಲ. ಅಗೆದವರು ಸನ್ಯಾಸಿಗಳ ಕಾಲದ್ದನ್ನು ಮಾತ್ರ ಹುಡುಕಿದರಂತೆ. ಸಾರಿ, ಎಂದ. ಈ ಸಲದ ಸಾರಿ ನಿಜವಾದದ್ದೆಂದು ನನಗನಿಸಿತು.

ದೇವಮಾತೆಯ ಗುಡಿ

ಚರ್ಚಿನ ಆಗ್ನೇಯ ಮೂಲೆಗೆ ಸೇರಿಕೊಂಡು ದೇವಮಾತೆಯ ಪುಟ್ಟ ಗುಡಿಯಿದ್ದ ಜಾಗವಿದೆ. ಅಲ್ಲಿ ಒಂದು ಕಲ್ಲು. ಕೆನ್ ಅದರ ಮೇಲಿನ ಎಲೆಗಳನ್ನು ಕೈಯಿಂದ ಸರಿಸಿದ. ಮಠ ಕಟ್ಟಿಸಿದವನ ಮರಿಮೊಮ್ಮಗಳ ಮಗಳೊಬ್ಬಳಿದ್ದಳು. ಅವಳ ಹೃದಯವನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ಹಿರಿಯನ ಈ ಮಠದಲ್ಲಿ ಹೂಳಿದ್ದರು. ಅಗೆಯುವಾಗ ಆ ಪೆಟ್ಟಿಗೆ ಸಿಕ್ಕಿತು.

ನಾನು ಕನ್ನಡದಲ್ಲಿ ಹೇಳಿದೆ. ಈರವ್ವ ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು.

"ಎದಿ ಅಷ್ಟ ತಂದ ಇಟ್ರ?"

"ಹೌದು."

"ಮತ್ತ ಅಗದಾವ್ರು ಏನ ಮಾಡಿದ್ರು ರಿ ಅದನ್ನ? ಒಗದ್ರ?"

ಕೇಳಿದ್ದರಲ್ಲಿ ಯಾವ ಚುಚ್ಚುಮಾತೂ ಇರಲಿಲ್ಲ. ತಿಳಿದುಕೊಳ್ಳಲು ಕೇಳಿದಳು. ಎಸೆಯಲಿಲ್ಲ, ಕಲ್ಲು ನಿಲ್ಲಿಸಿದರು ಎಂದು ನಾನು ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ. ಬೇರೆ ಮಾತು ಬಂತು.

"ಈರವ್ವ, ನಾನು ಒಗದೆ."

ಕಸ್ತೂರಿ ತಿರುಗಿ ನೋಡಿದಳು. ಕೆನ್‌ಗೆ ಭಾಷೆ ತಿಳಿಯದಿದ್ದರೂ ಏನೋ ತಿಳಿಯಿತು. ಕಸದ ಚೀಲ ಎತ್ತಿಕೊಂಡು ಮರಗಳ ಕಡೆ ಹೋದ. ನಾನು ನಿಂತಲ್ಲೇ ನಿಂತು ಎಲ್ಲ ಹೇಳಿದೆ. ಹೊಳೆಗೆ ಹೋಗಲೇ ಇಲ್ಲ. ಅರಿಷಿಣ ಕುಂಕುಮ ಏರಿಸಲೇ ಇಲ್ಲ. ವಹಿಯಲ್ಲಿ ನಿರುಪಯುಕ್ತ ಎಂದು ಬರೆದೆ. ಗಡಿಗೆ ಇದ್ದ ಮಣ್ಣಿನ ಟ್ರ್ಯಾಕ್ಟರನ್ನು ಗುಡಿಯ ಹಿಂದೆ ಬಸ್ ನಿಲ್ಲಲು ಮಾಡುತ್ತಿದ್ದ ಬಯಲಿಗೆ ಕಳಿಸಿದೆ. ಅಲ್ಲಿ ಬೇವಿನ ಗಿಡದ ಬುಡದ ತಗ್ಗಿಗೆ ಸುರಿದರು, ನಾನು ನಿಂತು ನೋಡಿದೆ. ನನಗೆ ತಪಾಸಣೆಯ ಹೆದರಿಕೆಯಿತ್ತು. ನಿಮ್ಮ ಹೆದರಿಕೆ ಇರಲಿಲ್ಲ.

"ಸರ್," ಎಂದಳು ಕಸ್ತೂರಿ. "ಇಪ್ಪತ್ತ ವರ್ಷ ಅಕಿ ಹೊಳಿಗೆ ಹಾಲ ಹಾಕ್ಯಾಳ್ರಿ. ಮೊಣಕಾಲ ಬ್ಯಾನಿ ಇಟಕೊಂಡ ಹೋಗ್ಯಾಳ. ನೀವು ಓದಿದಾವ್ರು!" ದೂರದ ಗೋಡೆಯ ಕಡೆ ನಡೆದು, ನಮಗೆ ಬೆನ್ನು ಮಾಡಿ ಕೂತಳು.

ಈರವ್ವ ಕಲ್ಲಿನ ಮೇಲೆ ಅಂಗೈ ಊರಿದಳು. ಆಮೇಲೆ ಕೇಳಿದಳು:

"ಅಂದ್ರ ಹೊಳಿಗೆ ಬಿಟ್ಟಿಲ್ಲ?"

"ಇಲ್ಲ."

"ಮಣ್ಣಾಗ ಐತಿ?"

"ಮಣ್ಣಿನಾಗ ಅದ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆಂದುಕೊಂಡೆ. ಅಳುತ್ತಲೇ ಇದ್ದಳು, ಆದರೆ ನಾನು ತಿಳಿದ ಕಾರಣಕ್ಕಲ್ಲ.

"ಸಾಹೇಬ್ರ, ನಿಮ್ಮ ಮಂದಿ ಹೊಳಿಗೆ ಬಿಡ್ತಾರ. ನಮ್ಮ ಮಂದ್ಯಾಗ ಮಣ್ಣಿಗೆ ಕೊಡೂದು. ಮಣ್ಣ ತಿರುವಿ ಬದುಕಿದಾವ್ರು ನಾವು. ಹಾಲ ಕುಡಿಯೂ ಕೂಸಿನ್ನ ಹರಿಯೂ ನೀರಾಗ ಬಿಟ್ರ ಅದು ಎಲ್ಲಿ ನಿಂದರಬೇಕ್ರಿ? ನೀವು ಹೊಳಿಗೆ ಬಿಟ್ಟೆ ಅಂದ್ರಿ, ನೀವು ದೊಡ್ಡಾವ್ರು, ಕಾಲ ಮುಟ್ಟಿ ಹ್ವಾದೆ. ಆ ದಿನದಿಂದ ನನಗ ಹೊಳಿ ನೋಡಿದ್ರ ಎದಿ ಝಲ್ ಅಂತಿತ್ತು. ಮಳಿಗಾಲದಾಗ ನೀರಿನ ಸಪ್ಪಳಕ್ಕ ನಿದ್ದಿ ಬರತಿರಲಿಲ್ಲ."

ನಮ್ಮ ಮನೆಗಳಲ್ಲಿ ಅಸ್ಥಿ ಹೊಳೆಗೆ ಸೇರಿದರೆ ಅದಕ್ಕಿಂತ ದೊಡ್ಡ ಸದ್ಗತಿಯಿಲ್ಲ. ಸುಳ್ಳು ಹೇಳುವಾಗಲೂ ಅವಳಿಗೆ ಒಳ್ಳೆಯದನ್ನೇ ಆರಿಸಿ ಹೇಳಿದೆನೆಂದು ಇಪ್ಪತ್ತು ವರ್ಷ ನನ್ನನ್ನು ನಾನು ಸಂತೈಸಿಕೊಂಡಿದ್ದೆ. ಆ ಒಳ್ಳೆಯದು ನನ್ನ ಕುಲದ್ದು. ಗಡಿಗೆ ಒಗೆದದ್ದಕ್ಕಿಂತ ನನ್ನ ಸಮಾಧಾನದ ಮಾತೇ ಅವಳನ್ನು ಹೆಚ್ಚು ಸುಟ್ಟಿತ್ತು.

"ತಪ್ಪಾಯಿತು ಈರವ್ವ," ಎಂದೆ. ಕೈ ಮುಗಿದೆ.

"ತಪ್ಪ ಆಗೇತ್ರಿ," ಎಂದಳು ಅವಳು. "ನಿಮ್ಮ ಮ್ಯಾಲ ನನಗ ಸಿಟ್ಟ ಐತಿ. ಅದು ಇರತೈತಿ. ನೀವು ಕೈ ಮುಗದ್ರ ಹೋಗೂದಲ್ಲ." ಮೂಗು ಒರೆಸಿಕೊಂಡಳು. "ಎಷ್ಟ ದೂರ ಅಂತ ತೋರಸ್ರಿ. ಇದ ನಮ್ಮ ಗುಡಿ ಹಿಂದಿನ ಗ್ವಾಡಿ ಅನ್ಕೋರಿ. ಎಲ್ಲಿ ಸುರದ್ರಿ?"

ಆ ಬಯಲಿನ ನಕ್ಷೆ ಬರೆದವನು ನಾನೇ. ಟೇಪು ಇಲ್ಲದಾಗ ನಾವು ಅಳೆಯುವುದು ಹೆಜ್ಜೆಯಿಂದ, ನನ್ನ ಒಂದು ಹೆಜ್ಜೆ ಎರಡೂವರೆ ಅಡಿ. ಚರ್ಚಿನ ಪೂರ್ವದ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಅಲ್ಲಿಂದ ಹುಲ್ಲಿನ ಮೇಲೆ ಎಣಿಸುತ್ತ ನಡೆದೆ. ನಲವತ್ತನೆಯ ಹೆಜ್ಜೆಗೆ ಎಡಕ್ಕೆ ಹೊರಳಿ ಎಂಟು ಹೆಜ್ಜೆ ಹಾಕಿ ನಿಂತೆ. "ಇಲ್ಲಿ" ಎಂದು ಕೂಗಿದೆ.

ಈರವ್ವ ಗೋಡೆಯಿಂದ ಬರಿಗಾಲಿನಲ್ಲಿ ಹೊರಟಳು. ಅವಳ ಹೆಜ್ಜೆ ಸಣ್ಣವು, ಅವಳೂ ಬಾಯಲ್ಲಿ ಎಣಿಸುತ್ತಿದ್ದಳು. ಕಸ್ತೂರಿ ಎದ್ದು ನಿಂತು ನೋಡಿದಳು, ಆಮೇಲೆ ಬಂದು ತಾಯಿಯ ತೋಳು ಹಿಡಿದಳು. ನನ್ನ ಕಡೆ ನೋಡಲಿಲ್ಲ. ಇಬ್ಬರೂ ನಾನು ನಿಂತಲ್ಲಿಗೆ ಬಂದು ಮುಟ್ಟಿದರು. ನಾನು ಪಕ್ಕಕ್ಕೆ ಸರಿದೆ.

"ಬ್ಯಾವಿನ ಗಿಡದ ಬುಡಕ್ಕ ಅಂದ್ರಿ," ಎಂದಳು ಈರವ್ವ. "ಮೂಡಲ ಬಾಜೂಕ, ಕಟ್ಟಿ ಕಟ್ಟ್ಯಾರಲ್ಲ, ಅಲ್ಲೇನ್ರಿ?"

"ಅಲ್ಲೇ. ಆ ಕಟ್ಟೆ ಆಮೇಲೆ ಕಟ್ಟಿಸಿದ್ದು."

ಅವಳು ನಿಂತ ಹುಲ್ಲನ್ನು ನೋಡಿದಳು, ಹಿಂದಿರುಗಿ ಗೋಡೆಯನ್ನು ನೋಡಿದಳು.

"ಕಾಲನಿಯಿಂದ ಬಸ್ ಅಲ್ಲಿ ತನಾನ ಬರತೈತ್ರಿ. ಅಲ್ಲಿ ಇಳದು ಹೊಳಿ ತನಾ ನಡೀಬೇಕು. ಮೊಣಕಾಲ ಹಿಡೀತಾವಂತ ವರ್ಷಾ ಆ ಕಟ್ಟಿ ಮ್ಯಾಲ ಕುಂದರ್ತಿದ್ನಿ. ಅಲ್ಲಿ ಕುಂತ್ರ ಏಳಾಕ ಮನಸ ಬರತಿರಲಿಲ್ಲ. ಹೊತ್ತಾತು ನಡಿ ಅಂತ ಮಂದಿ ಎಬ್ಬಸ್ತಿದ್ರು."

"ಎಷ್ಟೊತ್ತ ಕುಂದರ್ತಿದ್ದಿ, ಯವ್ವಾ?" ಎಂದು ಕಸ್ತೂರಿ ಕೇಳಿದಳು.

ಈರವ್ವ ಮಗಳ ಕೈ ಬಿಡಿಸಿಕೊಂಡು, ಆ ಒದ್ದೆ ಹುಲ್ಲಿನ ಮೇಲೆ ಕಾಲು ಚಾಚಿ ಕೂತಳು. ನಾವಿಬ್ಬರೂ ಅವಳನ್ನು ಎಬ್ಬಿಸಲಿಲ್ಲ.